ಅಟ್ಟದಲ್ಲಿ ಸಿಕ್ಕ ರೋಬೊ ನೌಕೆ: ಅಸಲಿಯೇ, ಮಾರಬಹುದೇ, ಮಗನ ಕೈಗೆ ಕೊಡಬಹುದೇ?

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ. ಹೆಂಚು ತೆಗೆಸಲೆಂದು ಅಟ್ಟ ಖಾಲಿ ಮಾಡುವಾಗ ನನ್ನ ಹಳೆಯ ಆಟಿಕೆಯೊಂದು ಸಿಕ್ಕಿತು. ದೊಡ್ಡಪ್ಪ ಹಡಗಿನ ನೌಕರಿಯಲ್ಲಿದ್ದಾಗ, 1986ರ ಹೊತ್ತಿಗೆ ತಂದುಕೊಟ್ಟದ್ದು. ರೋಬೊವನ್ನು ಮಡಚಿದರೆ ಬಾಹ್ಯಾಕಾಶ ನೌಕೆ, ಇನ್ನೊಂದು ರೀತಿ ಮಡಚಿದರೆ ಉಗಿಬಂಡಿ. ಬೂದು ಮತ್ತು ನೇರಳೆ ಬಣ್ಣ. ಬಲತೋಳು ಸಡಿಲ, ಒಂದು ರೆಕ್ಕೆಯ ಬುಡ ಬಿಗಿದುಕೊಂಡಿದೆ, ಬಂದೂಕು ಕಾಣೆ. ಡಬ್ಬಿಯ ಅರ್ಧ ಜಿರಲೆ ತಿಂದಿದೆ. ಫೋಟೊ ನೋಡಿದ ಒಬ್ಬರು ಆರು ಸಾವಿರಕ್ಕೆ ಕೇಳುತ್ತಿದ್ದಾರೆ, ಎರಡು ದಿನದಲ್ಲಿ ಹೇಳಬೇಕಂತೆ. ಆರು ವರ್ಷದ ಮಗ ತನಗೇ ಬೇಕೆಂದು ಹಠ ಹಿಡಿದಿದ್ದಾನೆ. ಎರಡು ವರ್ಷದ ಮಗಳೂ ಇದ್ದಾಳೆ. ಇದು ಅಸಲಿಯೇ? ಬೆಲೆ ಹೇಗೆ ಕಟ್ಟುವುದು? ಮಗನಿಗೆ ಕೊಡಬಹುದೇ?

ಉತ್ತರ: ಮೊದಲು ಎರಡು ಕೆಲಸ ನಿಲ್ಲಿಸಿ. ಬಿಗಿದ ರೆಕ್ಕೆಯನ್ನು ಯಾರೂ ತಿರುವಬಾರದು, ನೀವೂ ಸೇರಿ. ಎರಡು ದಿನದ ಗಡುವು ಕೊಟ್ಟವರಿಗೆ ಹೂಂ ಅನ್ನಲೂ ಬೇಡಿ, ಊಹೂಂ ಅನ್ನಲೂ ಬೇಡಿ. ನಲವತ್ತು ವರ್ಷ ಅಟ್ಟದಲ್ಲಿದ್ದ ವಸ್ತು ಇನ್ನೊಂದು ತಿಂಗಳು ಕಾದರೆ ನಷ್ಟವಿಲ್ಲ. ಅವಸರ ಇರುವುದು ಅವರಿಗೆ, ನಿಮಗಲ್ಲ.

ಈಗ ಗುರುತು. ರೋಬೊ, ಉಗಿಬಂಡಿ ಮತ್ತು ಅಮೆರಿಕದ ಸ್ಪೇಸ್ ಷಟಲ್ ಹೋಲುವ ನೌಕೆ, ಈ ಮೂರೂ ಒಂದರಲ್ಲೇ ಇದ್ದರೆ ವಿನ್ಯಾಸದ ಬಗ್ಗೆ ಅನುಮಾನ ಬೇಡ. ಅದು ಟ್ರಾನ್ಸ್‌ಫಾರ್ಮರ್ಸ್ ಸಾಲಿನ ಆಸ್ಟ್ರೋಟ್ರೇನ್. 1985ರಲ್ಲಿ ಬಂತು, ಬ್ಲಿಟ್ಜ್‌ವಿಂಗ್ ಎಂಬ ಟ್ಯಾಂಕ್-ವಿಮಾನದ ಜೊತೆಗೆ. ಮೂರು ರೂಪ ತಾಳುವ ಈ ಬಗೆಯನ್ನು ಸಂಗ್ರಾಹಕರು ಟ್ರಿಪಲ್ ಚೇಂಜರ್ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರು ಅಮೆರಿಕದ ಹ್ಯಾಸ್ಬ್ರೊ ಕಂಪನಿಯದು, 1984ರದು. ಆಟಿಕೆಗಳು ಮಾತ್ರ ಬಹುಪಾಲು ಜಪಾನಿನ ಟಕಾರಾ ಕಂಪನಿಯ ಕೈಚಳಕ. ಟಕಾರಾ 1980ರಿಂದಲೇ ಡಯಾಕ್ಲೋನ್ ಎಂಬ ಸಾಲನ್ನು ಮಾರುತ್ತಿತ್ತು. ಅದನ್ನೂ ಮೈಕ್ರೋ ಚೇಂಜ್ ಎಂಬ ಇನ್ನೊಂದು ಸಾಲನ್ನೂ ಹ್ಯಾಸ್ಬ್ರೊ ತೆಗೆದುಕೊಂಡು, ಒಂದೊಂದಕ್ಕೂ ಹೆಸರು, ಸ್ವಭಾವ, ಕತೆ ಕೊಟ್ಟು ಹೊಸ ಡಬ್ಬಿಯಲ್ಲಿ ಹಾಕಿತು. ಟಕಾರಾ 2006ರಲ್ಲಿ ಟೊಮಿ ಜೊತೆ ಸೇರಿ ಟಕಾರಾ ಟೊಮಿ ಆಯಿತು.

ನಮ್ಮ ಕಡೆಯ ಒಂದು ತಮಾಷೆ ನೋಡಿ. 1986ರಲ್ಲಿ ಕಾರವಾರಕ್ಕೆ ರೈಲೇ ಇರಲಿಲ್ಲ. ಕೊಂಕಣ ರೈಲ್ವೆಯ ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ನಮ್ಮ ಶಿರಸಿಗಂತೂ ಇವತ್ತಿಗೂ ಹಳಿ ಇಲ್ಲ. ನಿಜವಾದ ರೈಲು ಊರಿಗೆ ಬರುವ ಮೊದಲೇ ಬಾಹ್ಯಾಕಾಶ ನೌಕೆಯಾಗುವ ರೈಲು ನಿಮ್ಮ ಮನೆಯ ಜಗುಲಿಗೆ ಬಂದಿತ್ತು!

ಷಟಲ್ ಆಗುವ ರೋಬೊಗಳು ಆ ಕಾಲದಲ್ಲಿ ಬೇರೆಯೂ ಇದ್ದವು. ಮಾರುವವರು ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ಅದೇ ಸಾಲಿನ ಬ್ಲಾಸ್ಟ್ ಆಫ್ 1986ರದು, ಗಾತ್ರದಲ್ಲಿ ಚಿಕ್ಕದು, ಐವರು ಸೇರಿ ಒಂದಾಗುವ ಗುಂಪಿನಲ್ಲಿ ಒಬ್ಬ. ಸ್ಕೈ ಲಿಂಕ್ಸ್ ದೊಡ್ಡದು, ಷಟಲ್ ಬಿಚ್ಚಿದರೆ ಹಕ್ಕಿಯಂಥ ಪ್ರಾಣಿಯಾಗುತ್ತದೆ. ಟೊಂಕಾ ಕಂಪನಿಯ ಗೋಬಾಟ್ಸ್ ಎಂಬ ಪ್ರತಿಸ್ಪರ್ಧಿ ಸಾಲಿನಲ್ಲೂ ಒಂದು ಷಟಲ್ ಇತ್ತು. ಉಗಿಬಂಡಿ ಆಗುವುದರಿಂದ ನಿಮ್ಮದು ಇವ್ಯಾವುವೂ ಅಲ್ಲ.

ಆದರೆ ವಿನ್ಯಾಸ ಆಸ್ಟ್ರೋಟ್ರೇನ್‌ದು ಎಂದಾಕ್ಷಣ ವಸ್ತು ಅಸಲಿ ಆಗಿಬಿಡುವುದಿಲ್ಲ. ಹೊರದೇಶದಿಂದ ಬಂತು ಎನ್ನುವುದೂ ಪುರಾವೆ ಅಲ್ಲ. ಹಳೆಯ ಅಚ್ಚಿನಿಂದ ಕಂಪನಿಯೇ ಮತ್ತೆ ತಯಾರಿಸಿ ಮಾರಿದ ಆಟಿಕೆಗಳಿವೆ, ಡಬ್ಬಿಯ ಸಮೇತ ನಕಲು ಮಾಡಿದವೂ ಇವೆ. ಸಂಗ್ರಾಹಕರನ್ನು ಗುರಿಯಾಗಿಟ್ಟ ಮರುತಯಾರಿಗಳು ಬಹುಪಾಲು 2000ದ ಈಚಿನವು. ದೊಡ್ಡಪ್ಪ ತಂದದ್ದು 1986ರ ಹೊತ್ತಿಗೆ ಎಂಬ ನಿಮ್ಮ ನೆನಪು ಗಟ್ಟಿಯಾಗಿದ್ದರೆ ಮರುತಯಾರಿಯ ಮಾತು ಅಲ್ಲಿಗೆ ಬಿತ್ತು. ಉಳಿದದ್ದು ಅಸಲಿಯೋ, ಆ ಕಾಲದ ನಕಲೋ ಎಂಬುದಷ್ಟೆ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಈ ಆಟಿಕೆ ಹಿಡಿದ ನಿಮ್ಮ ಫೋಟೊ ಇದ್ದರೆ ಹುಡುಕಿಡಿ. ನಾಳೆ ಕೊಳ್ಳುವವರ ಮುಂದೆ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ.

ಅಸಲಿಯೇ ಎಂದು ತಿಳಿಯಲು ಮೂರು ಗುರುತು ನೋಡಿ. ಮೊದಲನೆಯದು, ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿರುವ ಸಣ್ಣ ಅಕ್ಷರಗಳು. ಅವನ್ನು ಭೂತಗನ್ನಡಿಯಲ್ಲಿ ಓದಿ. ಕಾಲಿನ ಒಳಬದಿ, ಬೆನ್ನು, ನೌಕೆಯ ಹೊಟ್ಟೆ, ಎಲ್ಲ ಕಡೆ ನೋಡಿ. ಟಕಾರಾ ಹೆಸರು, ಇಸವಿ, ದೇಶ ಚೂಪಾಗಿ, ಅಂಚು ಕರಗದಂತೆ ಮೂಡಿರಬೇಕು. ನಕಲುಗಳಲ್ಲಿ ಒಂದೋ ಆ ಜಾಗ ಉಜ್ಜಿ ಬೋಳಾಗಿರುತ್ತದೆ, ಇಲ್ಲವೇ ಅಸಲಿಯಿಂದಲೇ ಅಚ್ಚು ತೆಗೆದ ಕಾರಣ ಅಕ್ಷರ ಮಸುಕಾಗಿರುತ್ತದೆ. ಒಂದು ಎಚ್ಚರಿಕೆ: ಅಲ್ಲಿರುವ ಇಸವಿ ಹಕ್ಕುಸ್ವಾಮ್ಯದ್ದು, ತಯಾರಾದ ವರ್ಷದ್ದಲ್ಲ.

ಹೆಸರು ಒಂದು, ಅಚ್ಚು ಇನ್ನೊಂದರದು ಆಗುವುದೂ ಉಂಟು. ಜೆಟ್‌ಫೈರ್ ಎಂಬ 1985ರ ಆಟಿಕೆ ಇದಕ್ಕೆ ಹೆಸರಾದ ಉದಾಹರಣೆ. ಅದು ಟಕಾರಾದ್ದೇ ಅಲ್ಲ, ಟಕಾಟೊಕು ಎಂಬ ಬೇರೆ ಕಂಪನಿಯ ಅಚ್ಚು. ಮ್ಯಾಕ್ರಾಸ್ ಎಂಬ ಜಪಾನಿ ಧಾರಾವಾಹಿಗಾಗಿ ಶೋಜಿ ಕವಾಮೊರಿ ವಿನ್ಯಾಸ ಮಾಡಿದ್ದ ಯುದ್ಧವಿಮಾನ. ಮೊದಲು ಮಾರಾಟವಾದ ಜೆಟ್‌ಫೈರ್‌ಗಳಲ್ಲಿ ಮ್ಯಾಕ್ರಾಸ್‌ನ ಲಾಂಛನವೂ ಉಳಿದಿತ್ತು. ಆ ಲಾಂಛನ ನೋಡಿ ನಕಲೆಂದು ಬಿಸಾಡಿದವರು ಆಮೇಲೆ ಕೈ ಹಿಸುಕಿಕೊಂಡಿರಬೇಕು. ಬರಹ ಓದುವಾಗ ಮೊದಲ ನೋಟಕ್ಕೇ ತೀರ್ಪು ಕೊಡಬೇಡಿ ಎಂದು ಹೇಳುವುದು ಇದಕ್ಕೇ.

ಎರಡನೆಯದು, ಸಣ್ಣ ಚೌಕದ ಕಪ್ಪು ಸ್ಟಿಕರ್. 1985ರಿಂದ ಅಸಲಿಯ ಗುರುತಿಗೆಂದೇ ಅಂಟಿಸುತ್ತಿದ್ದದ್ದು. ಬೆರಳಿನಿಂದ ಉಜ್ಜಿದರೆ ಆ ಶಾಖಕ್ಕೆ ಬಣ್ಣ ತಿರುಗಿ ಒಂದು ಮುಖದ ಚಿಹ್ನೆ ಕಾಣಿಸುತ್ತದೆ. ಇದನ್ನು ರಬ್ ಸೈನ್ ಎನ್ನುತ್ತಾರೆ. ನಲವತ್ತು ಮಳೆಗಾಲ ಕಂಡ ಸ್ಟಿಕರ್ ಈಗ ಉಜ್ಜಿದರೂ ಏನೂ ತೋರಿಸದಿರಬಹುದು, ಅದರಿಂದ ಬೇಸರ ಬೇಡ. ಸ್ಟಿಕರ್ ಇದೆಯೇ ಎಂಬುದೇ ಮುಖ್ಯ. ಪದೇ ಪದೇ ಉಜ್ಜಿ ಅದನ್ನು ಕಿತ್ತು ಹಾಕಬೇಡಿ.

ಮೂರನೆಯದು ಡಬ್ಬಿ. ಜಿರಲೆ ಬಿಟ್ಟ ಅರ್ಧವನ್ನೂ ಎಸೆಯಬೇಡಿ. ಹಿಂಬದಿಯಲ್ಲಿ ಪಾತ್ರದ ಶಕ್ತಿ, ವೇಗ, ಬುದ್ಧಿ ಎಂದು ಅಂಕ ಕೊಟ್ಟ ಪಟ್ಟಿ ಇರುತ್ತಿತ್ತು. ಕೆಂಪು ಗೀರುಗಳ ನಡುವೆ ಬಚ್ಚಿಟ್ಟ ಆ ಅಂಕಗಳನ್ನು ಜೊತೆಗೆ ಕೊಟ್ಟ ಕೆಂಪು ಪ್ಲಾಸ್ಟಿಕ್ ಪಟ್ಟಿ ಇಟ್ಟು ಓದಬೇಕಿತ್ತು. ಡಬ್ಬಿಯ ಮೂಲೆಯಲ್ಲಿ ಅಂಚೆಯಲ್ಲಿ ಕಳಿಸಲು ಕತ್ತರಿಸುವ ರೋಬೊಟ್ ಪಾಯಿಂಟ್ ಎಂಬ ಕೂಪನ್ ಕೂಡ ಇರುತ್ತಿತ್ತು. ಅಂಕಪಟ್ಟಿ ಇರುವ ರಟ್ಟಿನ ತುಂಡು, ಮಡಚುವ ಕ್ರಮ ತೋರಿಸುವ ಚಿತ್ರದ ಕಾಗದ, ಅಂಟಿಸದೆ ಉಳಿದ ಸ್ಟಿಕರ್ ಹಾಳೆ, ಇವೆಲ್ಲ ಬೆಲೆ ಏರಿಸುವ ವಸ್ತುಗಳು. ಅಟ್ಟದ ಕಸವನ್ನು ಇನ್ನೂ ಹೊರಗೆ ಹಾಕಿಲ್ಲವಾದರೆ ಒಮ್ಮೆ ಜರಡಿ ಹಿಡಿಯಿರಿ. ಕಾಣೆಯಾದ ಬಂದೂಕು ಅಲ್ಲೇ ಇರಬಹುದು. ಹೆಂಚು ಇಳಿಸುವವರಿಗೂ ಒಂದು ಮಾತು ಹೇಳಿಡಿ, ಅಡ್ಡೆಯ ಸಂದಿಯಲ್ಲಿ ಸಿಗುವ ಪ್ಲಾಸ್ಟಿಕ್ ಚೂರನ್ನೂ ಎತ್ತಿಡಲಿ.

ಇನ್ನು ನಿಜವಾದ ಪರೀಕ್ಷೆ. ಮಡಚುವ ಆಟಿಕೆಯನ್ನು ತೂಗುವಾಗ ಹೆಚ್ಚಿನವರು ರೋಬೊವನ್ನು ನಿಲ್ಲಿಸಿ ಒಂದು ಫೋಟೊ, ನೌಕೆಯನ್ನು ಮಲಗಿಸಿ ಒಂದು ಫೋಟೊ ತೆಗೆಯುತ್ತಾರೆ. ನೀವು ಕಳಿಸಿದ್ದೂ ಆ ಎರಡೇ. ವೇಷಗಾರನ ಹದ ಗೊತ್ತಾಗಬೇಕಾದರೆ ರಂಗಸ್ಥಳಕ್ಕಿಂತ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ನೋಡಬೇಕು ಎಂದು ನಮ್ಮ ಕಡೆಯ ಯಕ್ಷಗಾನದವರಿಗೆ ಗೊತ್ತು. ಈ ಆಟಿಕೆಯೂ ಹಾಗೆಯೇ, ಒಂದು ರೂಪ ಬಿಟ್ಟು ಇನ್ನೊಂದಕ್ಕೆ ಹೋಗುವ ನಡುದಾರಿಯಲ್ಲೇ ಅದರ ಗುಣವೂ ದೋಷವೂ ಬಯಲಾಗುವುದು. ಎರಡು ತುದಿಯಲ್ಲೂ ಚೆಂದ ಕಂಡು ನಡುವೆ ಮುರಿಯುವ ಆಟಿಕೆಗಳು ಬೇಕಾದಷ್ಟಿವೆ. ಫೋಟೊಗೆ ಪೋಸು ಕೊಡುವಷ್ಟು ಹೊತ್ತು ಯಾವ ಆಟಿಕೆಯಾದರೂ ನಿಲ್ಲುತ್ತದೆ.

ಹಾಗಾಗಿ ಬಿಗಿದ ರೆಕ್ಕೆಯನ್ನು ಬಿಟ್ಟು ಉಳಿದ ಕೀಲುಗಳನ್ನು ಒಂದೊಂದಾಗಿ ಆಡಿಸಿ. ಕೆಳಗೆ ದಪ್ಪ ಟವೆಲ್ ಹಾಸಿರಲಿ. ಕೀಲು ಯಾವ ಜಾತಿಯದೆಂದು ಮೊದಲು ಗುರುತಿಸಿ. ಕಟಕಟ ಸದ್ದು ಮಾಡುತ್ತ ಹಂತಹಂತವಾಗಿ ನಿಲ್ಲುವುದು ರ‍್ಯಾಚೆಟ್. ಒಳಗಿನ ಹಲ್ಲು ಸವೆದಿದ್ದರೆ ಸದ್ದು ಮೆತ್ತಗಾಗುತ್ತದೆ, ಕೈ ಬಿಟ್ಟರೆ ತೋಳು ತಾನೇ ಇಳಿಯುತ್ತದೆ. ಗುಂಡು ತಲೆ ಬಟ್ಟಲಿನಲ್ಲಿ ಕೂತಿದ್ದರೆ ಅದು ಬಾಲ್ ಜಾಯಿಂಟ್, ಸಡಿಲವಾದರೂ ಕಳಚಿ ಸರಿಮಾಡಬಹುದು. ಉಕ್ಕಿನ ತೆಳು ಪಿನ್ ಆರಪಾರ ಹಾಯ್ದಿರುವ ಕೀಲು ಮೂರನೆಯದು. ಕರಾವಳಿಯಲ್ಲಿ ನಮಗೆ ತಲೆನೋವು ತರುವುದು ಇದೇ.

ಪ್ರತಿ ರೂಪವನ್ನೂ ಹಿಡಿದಿಡಲು ಸಣ್ಣ ನಾಲಗೆಗಳಿರುತ್ತವೆ, ಅವು ಎದುರಿನ ಕಚ್ಚಿನಲ್ಲಿ ಹೋಗಿ ಟಪ್ಪೆಂದು ಕೂರಬೇಕು. ಯಾವುದು ಕೂರುವುದಿಲ್ಲವೋ ಅದರ ತುದಿ ನೋಡಿ. ತುದಿ ಬೆಳ್ಳಗೆ ಆಗಿದ್ದರೆ ಪ್ಲಾಸ್ಟಿಕ್ ಹಿಂದೆಂದೋ ಬಾಗಿ ನೊಂದಿದೆ, ಇನ್ನೊಂದು ಸಲ ಬಾಗಿಸಿದರೆ ಮುರಿಯುತ್ತದೆ. ಮೂರು ರೂಪದ ಆಟಿಕೆಯಲ್ಲಿ ಒಂದೇ ಕೀಲು ಎರಡೆರಡು ಕೆಲಸ ಮಾಡುತ್ತಿರುತ್ತದೆ, ನೌಕೆಗೆ ಒಂದು ದಿಕ್ಕು, ಬಂಡಿಗೆ ಇನ್ನೊಂದು. ಆದ್ದರಿಂದ ಎರಡು ರೂಪದ ಆಟಿಕೆಗಿಂತ ಇವು ಬೇಗ ಸವೆಯುತ್ತವೆ. ಒಂದು ಭಾಗ ಚಲಿಸದಿದ್ದರೆ ಬಲ ಹಾಕುವ ಮೊದಲು ಬೇರೆ ಯಾವುದೋ ಕೊಂಡಿ ಇನ್ನೂ ಬಿಚ್ಚಿಲ್ಲ ಎಂದು ಅನುಮಾನಿಸಿ. ಹತ್ತರಲ್ಲಿ ಎಂಟು ಸಲ ವಿಷಯ ಅದೇ ಆಗಿರುತ್ತದೆ. ಸರಿಯಾದ ಕ್ರಮದಲ್ಲಿ ಬಿಚ್ಚಿದರೆ ಒಳ್ಳೆಯ ವಿನ್ಯಾಸ ಎಲ್ಲಿಯೂ ಬಲ ಕೇಳುವುದಿಲ್ಲ.

ನೌಕೆಯ ರೂಪಕ್ಕೆ ಬನ್ನಿ. ರೋಬೊ ಕಾಣಬಾರದ ಕಡೆ ಎಷ್ಟು ಕಾಣುತ್ತದೆ ಎಂಬುದೇ ಇಲ್ಲಿಯ ಅಳತೆ. ಹೊಟ್ಟೆಯ ಕೆಳಗೆ ನೇತಾಡುವ ಕೈ, ಬಾಲದ ಹತ್ತಿರ ಇಣುಕುವ ಮುಖ, ಇಂಥ ಉಳಿಕೆಗಳಿಗೆ ಸಂಗ್ರಾಹಕರು ಕಿಬಲ್ ಎನ್ನುತ್ತಾರೆ. ಇಡೀ ನೌಕೆಯನ್ನು ಬರೀ ಚಿಪ್ಪಾಗಿ ರೋಬೊವಿನ ಬೆನ್ನಿಗೆ ಕಟ್ಟಿದ್ದರೆ ಶೆಲ್‌ಫಾರ್ಮರ್, ಭಾಗಗಳನ್ನು ಕಿತ್ತು ಬೇರೆಡೆ ಸಿಕ್ಕಿಸಬೇಕಾದರೆ ಪಾರ್ಟ್ಸ್‌ಫಾರ್ಮರ್. ಎರಡೂ ಬೈಗುಳಗಳೇ. ಆಸ್ಟ್ರೋಟ್ರೇನ್ ಈ ಎರಡೂ ಅಲ್ಲ ಎಂಬುದು ನನ್ನ ಮಟ್ಟಿಗೆ ಅದರ ದೊಡ್ಡ ಗುಣ. ರೋಬೊವಾಗಿ ಅದು ತುಸು ಬಿಗುಮಾನದವ, ಅಷ್ಟೇನೂ ಕೈಕಾಲು ಆಡಿಸುವುದಿಲ್ಲ. ಆ ಕಾಲದ ಬಹುತೇಕ ರೋಬೊಗಳ ಹಣೆಬರಹ ಅದು.

ನಿಜವಾದ ಷಟಲ್ ಹೇಗಿತ್ತು ಎಂದು ತಿಳಿದಿದ್ದರೆ ನೋಡುವುದು ಸುಲಭ. ಮೊದಲ ಹಾರಾಟ 1981ರ ಏಪ್ರಿಲ್ 12, ಕೊನೆಯದು 2011ರ ಜುಲೈ. ಮೊಂಡು ಮೂಗು, ಚಪ್ಪಟೆ ಹೊಟ್ಟೆ, ಬುಡದಲ್ಲಿ ಒಂದು ಕೋನ ತುದಿಯಲ್ಲಿ ಇನ್ನೊಂದು ಕೋನ ಇರುವ ತ್ರಿಕೋನ ರೆಕ್ಕೆ, ನೆಟ್ಟಗೆ ನಿಂತ ಒಂದೇ ಬಾಲ, ಹಿಂದೆ ಮೂರು ದೊಡ್ಡ ಎಂಜಿನ್ ನಳಿಕೆ. ಈ ಐದರಲ್ಲಿ ಆಟಿಕೆ ಎಷ್ಟನ್ನು ಉಳಿಸಿಕೊಂಡಿದೆ ಎಂದು ಮಗನಿಂದಲೇ ಎಣಿಸಿ. ನಮ್ಮ ರಾಜ್ಯದಲ್ಲೇ ಇದರ ತಮ್ಮನಂಥದು ಇಳಿದಿದೆ. ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ಪುಷ್ಪಕ್, ಚಳ್ಳಕೆರೆ ಬಳಿಯ ಪರೀಕ್ಷಾ ಕ್ಷೇತ್ರದಲ್ಲಿ ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ. ಅದರ ಚಿತ್ರ ಪಕ್ಕಕ್ಕಿಡಿ. ಚಕ್ರ, ಅದರ ಬಾಗಿಲು, ರೆಕ್ಕೆಯ ಬುಡ ಹೇಗಿರುತ್ತದೆಂದು ನೋಡಲು ನಿಮಗೆ ದೂರ ಹೋಗುವುದೂ ಬೇಡ, ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಜೊತೆಗೆ ಈಗ ಟುಪೊಲೆವ್ ವಿಮಾನವೂ ನಿಂತಿದೆಯಲ್ಲ.

ಕಾರವಾರದ ಹವೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಬಯಲುಸೀಮೆಯವರು ಬರೆದ ಸಲಹೆ ನಮಗೆ ಅರ್ಧ ಮಾತ್ರ ಉಪಯೋಗ. ಉಪ್ಪುಗಾಳಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೂ ಉಕ್ಕಿನ ಪಿನ್ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಪಿನ್ ಉಬ್ಬಿ ಸುತ್ತಲಿನ ಪ್ಲಾಸ್ಟಿಕ್ಕನ್ನು ಒಳಗಿನಿಂದಲೇ ಒತ್ತುತ್ತದೆ. ನಿಮ್ಮ ರೆಕ್ಕೆಯ ಬುಡ ಬಿಗಿದದ್ದು ಬಹುಮಟ್ಟಿಗೆ ಇದರಿಂದಲೇ. ಬೆಳಕಿಗೆ ಹಿಡಿದು ಪಿನ್ನಿನ ಸುತ್ತ ಕೂದಲೆಳೆಯ ಬಿರುಕು ಇದೆಯೇ ನೋಡಿ. ಇದ್ದರೆ ಆ ಕೀಲನ್ನು ಇನ್ನು ಆಡಿಸುವ ಮಾತೇ ಇಲ್ಲ. ಇಲ್ಲದಿದ್ದರೆ ಕಡ್ಡಿಯ ತುದಿಯಲ್ಲಿ ಒಂದು ಹನಿ ಸಿಲಿಕೋನ್ ಎಣ್ಣೆ ಮುಟ್ಟಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕೂದಲಿನಷ್ಟು ಅತ್ತ, ಕೂದಲಿನಷ್ಟು ಇತ್ತ. ಜಗ್ಗದಿದ್ದರೆ ಮತ್ತೆ ಒಂದು ರಾತ್ರಿ.

ನಮ್ಮ ಮನೆಗಳಲ್ಲಿ ಕಿರ್ರೆನ್ನುವ ಬಾಗಿಲಿನಿಂದ ಹಿಡಿದು ಎಲ್ಲದಕ್ಕೂ ತೆಂಗಿನೆಣ್ಣೆಯೇ. ಇಲ್ಲಿ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕ್ರಮೇಣ ಕಮಟುತ್ತದೆ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಅಪಾಯ. ಪೆಟ್ರೋಲಿಯಂ ಎಣ್ಣೆ ಒತ್ತಡದಲ್ಲಿರುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೂ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿಗೂ ಬಿರುಕು ತರಬಲ್ಲದು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಕರಗಿಯೇ ಹೋಗುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕೋಣ ಎಂದು ಯಾರಾದರೂ ಹಿರಿಯರು ಮುಂದೆ ಬಂದರೆ ಅವರಿಗೆ ಹಿತ್ತಾಳೆಯ ಹಂಡೆ ತೋರಿಸಿ. ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿದ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಸ್ಟಿಕರ್ ಮತ್ತು ಪಿನ್ ಇರುವ ಜಾಗಕ್ಕೆ ನೀರು ತಗಲಿಸದ ಎಚ್ಚರ, ನೆರಳಲ್ಲಿ ಒಣಗಿಸುವುದು. ಶುಚಿಗೆ ಅಷ್ಟು ಸಾಕು.

ಬೂದು ಭಾಗ ಹಳದಿಗೆ ತಿರುಗಿದ್ದರೆ ಅದು ಕೊಳೆಯಲ್ಲ, ಪ್ಲಾಸ್ಟಿಕ್ಕಿನ ವಯಸ್ಸು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನ ಇದೆ. ಮಾರುವ ಯೋಚನೆ ಇದ್ದರೆ ಮಾಡಬೇಡಿ. ಸಮನಾದ ಹಳದಿಗೆ ಸಂಗ್ರಾಹಕರು ಬೆಲೆ ಕೊಡುತ್ತಾರೆ, ಮಚ್ಚೆಮಚ್ಚೆಯಾದ ಬಿಳಿಗೆ ಮುಖ ತಿರುಗಿಸುತ್ತಾರೆ.

ಸಡಿಲ ತೋಳಿಗೆ ಉಪಾಯ ಸುಲಭ, ಅದು ಬಾಲ್ ಜಾಯಿಂಟ್ ಅಥವಾ ಸ್ಕ್ರೂ ಕೀಲು ಆಗಿದ್ದರೆ. ಸ್ಕ್ರೂ ಇದ್ದರೆ ತಲೆಗೆ ಸರಿಹೊಂದುವ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತು ಬಿಗಿಮಾಡಿ, ಹೆಚ್ಚು ಬೇಡ. ಗುಂಡು ತಲೆಯಾದರೆ ಕಳಚಿ, ನೀರು ಬೆರೆಸಿದ ಅಕ್ರಿಲಿಕ್ ಪಾಲಿಶ್‌ನ ತೆಳು ಪದರ ಹಚ್ಚಿ, ಪೂರಾ ಒಣಗಿದ ಮೇಲೆ ಸೇರಿಸಿ. ಸೂಪರ್‌ಗ್ಲೂ ಹಚ್ಚಿ ಒಣಗುವ ಮೊದಲೇ ಸೇರಿಸಿದವರ ರೋಬೊಗಳು ಜೀವಮಾನವಿಡೀ ಸೆಲ್ಯೂಟ್ ಹೊಡೆಯುತ್ತ ನಿಂತಿರುತ್ತವೆ. ರ‍್ಯಾಚೆಟ್ ಸವೆದಿದ್ದರೆ ಮುಟ್ಟಬೇಡಿ. ಮಾರುವಾಗ ಹಾಗೆಂದು ಹೇಳಿ, ಅಷ್ಟೆ.

ಇಡುವುದಾದರೆ ಗಾಳಿಯಾಡದ ಗಟ್ಟಿ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಪ್ರತಿ ಮಳೆಗಾಲದ ಮೊದಲು ಅದನ್ನು ಬದಲಿಸುವುದು. ನ್ಯಾಫ್ತಲಿನ್ ಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲೂ ಸುತ್ತಬೇಡಿ, ವರ್ಷಗಳ ಮೇಲೆ ಅದನ್ನು ಮೆತ್ತಗಿಡುವ ರಾಸಾಯನಿಕ (ಪ್ಲಾಸ್ಟಿಸೈಸರ್) ಹೊರಬಂದು ಆಟಿಕೆಗೆ ಅಂಟುತ್ತದೆ. ಹೊಸ ಹೆಂಚಿನ ಕೆಳಗಿನ ಅಟ್ಟಕ್ಕೆ ಮತ್ತೆ ಏರಿಸುವುದಂತೂ ಬೇಡವೇ ಬೇಡ.

ಮಗನ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಇದನ್ನು ಕೊಡಬೇಡಿ. ಬೆಲೆಯ ಆಸೆಗಲ್ಲ. 1985ರ ಬಣ್ಣ, ಪ್ಲಾಸ್ಟಿಕ್ಕುಗಳು ಇಂದಿನ ಮಿತಿಗಳನ್ನು ಕಂಡವಲ್ಲ. ಆ ಕಾಲದಲ್ಲಿ ಕೆಂಪು, ಹಳದಿ ಪ್ಲಾಸ್ಟಿಕ್ಕಿಗೆ ಕ್ಯಾಡ್ಮಿಯಂ ಬಣ್ಣ ಬಳಸುವುದೂ ಇತ್ತು. ಅದಕ್ಕಿಂತ ಮುಖ್ಯ, ಬಿರುಕು ಬಿಟ್ಟ ಕೀಲಿನಿಂದ ಚೂರು ಬಿದ್ದರೆ ಅದನ್ನು ಮೊದಲು ಹೆಕ್ಕುವುದು ಎರಡು ವರ್ಷದ ಮಗಳು. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಸಣ್ಣ ಭಾಗಗಳನ್ನು ಅಳೆಯುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಕೊಳವೆ ಅದಕ್ಕಿಂತ ಸ್ವಲ್ಪವೇ ದೊಡ್ಡದು ಎಂದುಕೊಳ್ಳಿ. ಆ ಬಾಯಿಯೊಳಗೆ ಪೂರ್ತಿ ಇಳಿಯುವ ಯಾವುದೂ ಅವಳ ಕೈಗೆ ಎಟುಕಬಾರದು.

ಬಾಹ್ಯಾಕಾಶ ನೌಕೆಯ ಆಟಿಕೆಗಳ ಚರಿತ್ರೆಯಲ್ಲಿ ಇದಕ್ಕೆ ಕಹಿ ಕಾರಣವೊಂದಿದೆ. 1978ರ ಕೊನೆಯಲ್ಲಿ ಅಮೆರಿಕದಲ್ಲಿ, ಟಿವಿ ಧಾರಾವಾಹಿಯೊಂದರ ನೌಕೆಯ ಆಟಿಕೆಯಿಂದ ಸಿಡಿದ ಪುಟ್ಟ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಬ್ಬ ಬಾಲಕ ತೀರಿಕೊಂಡ. ಮ್ಯಾಟೆಲ್ ಕಂಪನಿ 1979ರ ಜನವರಿಯಲ್ಲಿ ಆ ಆಟಿಕೆಗಳನ್ನು ಹಿಂದಕ್ಕೆ ಕರೆಸಿತು. ಆಮೇಲೆ ಅಲ್ಲಿಯ ತಯಾರಕರೆಲ್ಲ ಹಾರಿಸುವ ಆಟಿಕೆ ಎಂದರೆ ಹಿಂದೆ ಮುಂದೆ ನೋಡತೊಡಗಿದರು. ಜಪಾನಿನಲ್ಲಿ ಜೋರಾಗಿ ಕ್ಷಿಪಣಿ ಹಾರಿಸುತ್ತಿದ್ದ ರೋಬೊಗಳು ಅಮೆರಿಕದ ಟ್ರಾನ್ಸ್‌ಫಾರ್ಮರ್ಸ್ ಡಬ್ಬಿಗೆ ಬಂದಾಗ ಸ್ಪ್ರಿಂಗ್ ಬಲ ಕಳೆದುಕೊಂಡಿದ್ದವು. ಹಳೆಯ ರೋಬೊ ಯಾಕೆ ಹಾರಿಸುವುದಿಲ್ಲ ಎಂದು ಕೇಳುವವರಿಗೆ ಉತ್ತರ ಇದು, ಅದು ಕೆಟ್ಟಿಲ್ಲ.

ಮಗನಿಗೆ ಹೊಸದನ್ನೇ ಕೊಡಿಸಿ. ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ವಿದ್ಯುತ್ ಆಟಿಕೆಗೆ ಐಎಸ್ 15644 ಎಂಬ ಮಾನದಂಡ. ಗುರುತಿನ ಜೊತೆ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದರಿಂದ ಅಸಲಿ ಬ್ರ್ಯಾಂಡಿನ ದೊಡ್ಡ ರೋಬೊ ಕೈ ಸುಡುತ್ತದೆ, ಆ ಸಂದಿಯಲ್ಲಿ ನಕಲುಗಳು ನುಗ್ಗುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯ ಅಂಗಡಿಸಾಲಿನಲ್ಲಿ ನಿಂತರೆ ಮಕ್ಕಳ ಕಣ್ಣು ಎಲ್ಲಿ ಹೋಗುತ್ತದೆ ಎಂದು ನಿಮಗೂ ಗೊತ್ತು. ಅಲ್ಲಿ ಕೊಳ್ಳಲೇಬೇಕಾಗಿ ಬಂದರೆ ಮೂಸಿ ನೋಡಿ, ಸೀಮೆಎಣ್ಣೆಯಂಥ ಘಾಟು ಇದ್ದರೆ ಬಿಡಿ. ಅಂಚುಗಳ ಮೇಲೆ ಬೆರಳು ಹಾಯಿಸಿ, ಅಚ್ಚಿನಿಂದ ಉಳಿದ ಚೂಪು ಪೊರೆ ಇದ್ದರೆ ಬಿಡಿ. ಬ್ಯಾಟರಿ ಬಾಗಿಲಿಗೆ ಸ್ಕ್ರೂ ಇಲ್ಲದೆ ಗುಂಡಿಯಂಥ ಚಿಕ್ಕ ಸೆಲ್ ಕೈಗೆ ಬರುವಂತಿದ್ದರೆ ನಿಮ್ಮ ಮನೆಗೆ ಅದು ಬೇಡವೇ ಬೇಡ, ನುಂಗಿದ ಸೆಲ್ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಕೊನೆಗೆ ಅಂಗಡಿಯವರ ಎದುರೇ ಒಂದು ಸಲ ಪೂರ್ತಿ ಮಡಚಿ, ಪೂರ್ತಿ ಬಿಚ್ಚಿ. ಅವರು ಬೇಡವೆಂದರೆ ನಿಮ್ಮ ಉತ್ತರ ಸಿಕ್ಕಿತು.

ಆರು ವರ್ಷದ ಕೈಗೆ ಹಂತಗಳು ಕಡಿಮೆ ಇರಬೇಕು. ಡಬ್ಬಿಯ ಮೇಲೆ ವಯಸ್ಸು ಬರೆದಿರುತ್ತದೆ, ಎಷ್ಟು ಹಂತದಲ್ಲಿ ರೂಪ ಬದಲಾಗುತ್ತದೆ ಎಂಬುದನ್ನೂ ಹಲವು ಡಬ್ಬಿಗಳಲ್ಲಿ ಹಾಕಿರುತ್ತಾರೆ. ಹತ್ತರೊಳಗೆ ಇದ್ದರೆ ಒಳ್ಳೆಯದು. ಇಪ್ಪತ್ತು ದಾಟಿದ್ದನ್ನು ತಂದರೆ ಆಡುವವರು ನೀವಾಗುತ್ತೀರಿ, ಅವನು ಪಕ್ಕದಲ್ಲಿ ಕೂತು ಅಳುತ್ತಾನೆ.

ಬೆಲೆ. ಆನ್‌ಲೈನಿನಲ್ಲಿ ಮಾರುವವರು ಬರೆದ ಬೆಲೆ ನೋಡಬೇಡಿ, ಅದು ಅವರ ಆಸೆ. ಮಾರಾಟವಾಗಿ ಮುಗಿದ ಪಟ್ಟಿ ಮಾತ್ರ ತೆರೆದು, ನಿಮ್ಮದರಂತೆಯೇ ಬಂದೂಕು ಇಲ್ಲದ, ಬಳಸಿದ ಆಸ್ಟ್ರೋಟ್ರೇನ್‌ಗಳು ಎಷ್ಟಕ್ಕೆ ಹೋದವು ಎಂದು ಕೆಲವನ್ನು ಬರೆದುಕೊಳ್ಳಿ. ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಅದರಿಂದ ಬಿಗಿದ ರೆಕ್ಕೆ, ಸಡಿಲ ತೋಳಿಗಾಗಿ ಕಳೆಯಿರಿ. ಡಬ್ಬಿಯ ತುಂಡು, ಕಾಗದ, ಹಳೆಯ ಫೋಟೊ ಇದ್ದರೆ ಕೂಡಿಸಿ. ಬಂದೂಕು ಸಿಕ್ಕರಂತೂ ಲೆಕ್ಕವೇ ಬೇರೆ, ಅಂಗೈಯಗಲದ ಆ ಪ್ಲಾಸ್ಟಿಕ್ಕಿಗಾಗಿ ಹಣ ಕೊಡಲು ಕಾಯುವವರಿದ್ದಾರೆ. ಆರು ಸಾವಿರ ಎಂದವರು ಯಾವ ಗುರುತು ನೋಡಿ ಆ ಬೆಲೆ ಹೇಳಿದಿರಿ ಎಂದು ಕೇಳಿ. ಅಚ್ಚಿನ ಅಕ್ಷರ, ರಬ್ ಸೈನ್, ಕೀಲುಗಳ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಹಣ ಹೇಳಿದ್ದರೆ ಅವರು ಕೊಂಡು ಮತ್ತೆ ಮಾರುವವರು, ಅವರ ಲಾಭಕ್ಕೂ ಜಾಗ ಬಿಟ್ಟೇ ಹೇಳಿರುತ್ತಾರೆ.

ನನ್ನನ್ನು ಕೇಳಿದರೆ ಈಗ ಮಾರಬೇಡಿ. ಮೊದಲು, ಬಿರುಕಿಲ್ಲದಿದ್ದರೆ ಎಣ್ಣೆ ಮುಟ್ಟಿಸಿ ರೆಕ್ಕೆ ಬಿಡಿಸಿ, ಅಟ್ಟದ ಕಸ ಶೋಧಿಸಿ, ಅಕ್ಷರಗಳ ಹತ್ತಿರದ ಫೋಟೊ ತೆಗೆಯಿರಿ. ಮೂರು ರೂಪಗಳಲ್ಲಿ ನಿಲ್ಲಿಸಿದ್ದಲ್ಲದೆ ರೋಬೊದಿಂದ ನೌಕೆಗೆ ಹೋಗುವ ಪೂರ್ತಿ ವಿಡಿಯೊ ಒಂದನ್ನು, ಕೈ ತಪ್ಪಿದ್ದನ್ನೂ ಕತ್ತರಿಸದೆ ಮಾಡಿಡಿ. ಆ ವಿಡಿಯೊ ನೋಡಿದ ಮೇಲೂ ಕೊಳ್ಳುವವರು ಸಿಕ್ಕರೆ ಆಮೇಲೆ ಜಗಳ ಬರುವುದಿಲ್ಲ. ಕಳಿಸುವಾಗ ಮಳೆಗಾಲ ಕಳೆದಿರಲಿ. ಕೀಲುಗಳ ಮೇಲೆ ಒತ್ತಡ ಬೀಳದ, ಹೊರಚಾಚಿದ ಭಾಗ ಕಡಿಮೆ ಇರುವ ರೂಪದಲ್ಲಿ ಇಡಿ. ನಿಮ್ಮದರಲ್ಲಿ ಬಹುಶಃ ಉಗಿಬಂಡಿಯೇ ಸರಿ, ಆದರೆ ಅದಕ್ಕಾಗಿ ಬಿಗಿದ ರೆಕ್ಕೆಯನ್ನು ಮಡಚಬೇಕಾದರೆ ನೌಕೆಯಾಗಿಯೇ ಬಿಡಿ. ಮೊದಲು ಹತ್ತಿ ಬಟ್ಟೆ, ಅದರ ಮೇಲೆ ಗುಳ್ಳೆ ಹಾಳೆ, ಸುತ್ತಲೂ ಎರಡು ಬೆರಳು ಜಾಗ ಇರುವ ಗಟ್ಟಿ ಪೆಟ್ಟಿಗೆ. ಡಬ್ಬಿಯ ರಟ್ಟನ್ನು ಬೇರೆಯದೇ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಿ, ಮಡಚಬೇಡಿ.